ಹಾನ್ಲೆಯ ದಾರಿಯಲ್ಲಿ ಗಾಳಿಯ ಲೆಕ್ಕ

ಮೊದಲ ದಿನ: ಲೇಹ್

ಹಾರುವ ವಿಮಾನದೊಳಗೆ ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟಕ್ಕೆ ಹಿಡಿದಿಟ್ಟಿರುತ್ತಾರೆ. ಬಹುತೇಕ ಊರುಗಳಲ್ಲಿ ವಿಮಾನ ಇಳಿಯುವಾಗ ಒಳಗಿನ ಒತ್ತಡ ಏರುತ್ತಾ ಹೋಗುತ್ತದೆ. ಲೇಹ್‌ಗೆ ಬರುವಾಗ ಉಲ್ಟಾ. ಅಲ್ಲಿನ ರನ್‌ವೇ ಇರುವುದೇ ಸುಮಾರು 3,250 ಮೀಟರ್ ಎತ್ತರದಲ್ಲಿ. ವಿಮಾನ ಕೆಳಗಿಳಿದಂತೆಲ್ಲ ಒಳಗಿನ ಒತ್ತಡವೂ ಕಡಿಮೆಯಾಗಬೇಕು. ನಮ್ಮ ಇಂಜಿನಿಯರ್ ಗೆಳೆಯ ಈ ಗಳಿಗೆಗಾಗಿಯೇ ಕೈಗಡಿಯಾರದ ಬ್ಯಾರೋಮೀಟರ್ ತೆರೆದು ಕೂತಿದ್ದ. ಅಂಕಿ ಬೀಳತೊಡಗಿದ್ದೇ ತಡ, ಪಕ್ಕದ ಸೀಟಿನವರಿಗೂ ತೋರಿಸಿದ: "ನೋಡಿ ಸಾರ್, ಕಿಟಕಿ ಪ್ರಕಾರ ಇಳೀತಾ ಇದೀವಿ, ಇದರ ಪ್ರಕಾರ ಹತ್ತುತಾ ಇದೀವಿ!"

ನಾವು ನಾಲ್ವರು. ಇಂಜಿನಿಯರ್ ಪಕ್ಕಾ ರಾಕೆಟ್ ಪಕ್ಷ. ಬ್ಯಾಂಕಿನಲ್ಲಿ ಕೆಲಸ ಮಾಡುವ ಅಕ್ಕ ಟೆಲಿಸ್ಕೋಪ್ ಪಕ್ಷ. ಬೆಳಕು ಹೆಚ್ಚುಕಡಿಮೆಯಾಗುವ ನಕ್ಷತ್ರಗಳನ್ನು ವರ್ಷಗಟ್ಟಲೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುವವರು. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು ಯಾವ ಪಕ್ಷಕ್ಕೂ ಸೇರಿದವರಲ್ಲ, ಲೆಕ್ಕ ಸರಿಯಿದ್ದವರ ಕಡೆ. ನಾನು ಅಕ್ಕನ ಕಡೆ. ಹೊರಟಿದ್ದು ಕತ್ತಲ ಆಕಾಶಕ್ಕೂ ಟೆಲಿಸ್ಕೋಪುಗಳಿಗೂ ಹೆಸರಾದ ಲಡಾಖಿನ ಹಾನ್ಲೆಗೆ, ಸೆಪ್ಟೆಂಬರ್ ಕೊನೆಯ ಅಮಾವಾಸ್ಯೆಗೆ ಸರಿಯಾಗಿ.

ಲೇಹ್ ಪೇಟೆ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಸಮುದ್ರ ಮಟ್ಟದ ಶೇ. 65ರಷ್ಟು. ಮೊದಲ ದಿನ ಸುಮ್ಮನೆ ಮಲಗಿರಿ ಎಂದು ಎಲ್ಲರೂ ಹೇಳುತ್ತಾರೆ, ನಾವೂ ಮಲಗಿದೆವು. ಬಾಯಿಗೆ ಮಾತ್ರ ವಿಶ್ರಾಂತಿ ಇರಲಿಲ್ಲ.

"ಒಂದು ಮಹಡಿ ಹತ್ತಿದ್ದಕ್ಕೇ ಏದುಸಿರು. ಬಾಹ್ಯಾಕಾಶದಲ್ಲಿ ಸೂಟ್ ಹಾಕ್ಕೊಂಡು ಏಳೆಂಟು ಗಂಟೆ ಕೆಲಸ ಮಾಡೋರು ಹೇಗೆ ತಡ್ಕೋತಾರೋ" ಅಂದರು ಅಕ್ಕ.

ಇಂಜಿನಿಯರ್ ಎದ್ದು ಕೂತ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಒಳಗೆ ಸಮುದ್ರ ಮಟ್ಟದ ಒತ್ತಡವೇ ಇರುತ್ತದೆ, ಸುಮಾರು 101 ಕಿಲೋಪ್ಯಾಸ್ಕಲ್. ಆದರೆ ಹೊರಗೆ ಕೆಲಸಕ್ಕೆ ಹೋಗುವಾಗ ತೊಡುವ ಅಮೆರಿಕನ್ ಸೂಟಿನೊಳಗೆ ಇರುವುದು 30 ಕಿಲೋಪ್ಯಾಸ್ಕಲ್‌ಗಿಂತ ತುಸು ಕಡಿಮೆ. ಎವರೆಸ್ಟ್ ತುದಿಯಲ್ಲೂ ಇದಕ್ಕಿಂತ ಹೆಚ್ಚು ಒತ್ತಡ ಇದೆ. ಹಾಗಿದ್ದೂ ಬದುಕುವುದು ಹೇಗೆಂದರೆ, ಸೂಟಿನಲ್ಲಿ ಇರುವುದಷ್ಟೂ ಶುದ್ಧ ಆಮ್ಲಜನಕ. ಸಮುದ್ರ ಮಟ್ಟದ ಗಾಳಿಯಲ್ಲಿ ಆಮ್ಲಜನಕದ ಪಾಲು 21 ಕಿಲೋಪ್ಯಾಸ್ಕಲ್, ಲೇಹ್‌ನಲ್ಲಿ 14ರ ಹತ್ತಿರ, ಸೂಟಿನಲ್ಲಿ ಹತ್ತಿರ ಹತ್ತಿರ 30. "ಅಂದ್ರೆ ಆಮ್ಲಜನಕದ ಲೆಕ್ಕದಲ್ಲಿ ನಮ್ಮ ಎರಡರಷ್ಟು ಅವರಿಗೆ ಸಿಗ್ತಿದೆ ಅಕ್ಕಾ."

ಒತ್ತಡ ಯಾಕೆ ಅಷ್ಟು ಕಡಿಮೆ ಇಡುತ್ತಾರೆ ಎಂಬುದು ನನಗೆ ಬಹಳ ಹಿಡಿಸಿದ ವಿಷಯ. ಹೊರಗೆ ನಿರ್ವಾತ. ಒಳಗಿನ ಒತ್ತಡ ಹೆಚ್ಚಿದಷ್ಟೂ ಸೂಟು ಬಿಗಿಯುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬನ್ನು ಬೆರಳಿನಿಂದ ಮಡಚಲು ನೋಡಿದವರಿಗೆ ಕೈಗವಸಿನ ಕಷ್ಟ ಗೊತ್ತಾಗುತ್ತದೆ. ಒತ್ತಡ ಇಳಿಸಿದರೆ ಬೆರಳು ಆಡುತ್ತದೆ. ಆದರೆ ಒಮ್ಮೆಲೇ ಇಳಿಸಿದರೆ ರಕ್ತದಲ್ಲಿ ಕರಗಿರುವ ಸಾರಜನಕ ಗುಳ್ಳೆಯಾಗಿ ಏಳುತ್ತದೆ, ಆಳ ಸಮುದ್ರದಿಂದ ಸರಕ್ಕನೆ ಮೇಲೆ ಬಂದ ಮುಳುಗುಗಾರರಿಗೆ ಆಗುವಂತೆ. ಅದಕ್ಕೇ ಹೊರಗೆ ಕಾಲಿಡುವ ಮೊದಲು ಶುದ್ಧ ಆಮ್ಲಜನಕ ಉಸಿರಾಡಿಸಿ ಸಾರಜನಕವನ್ನು ಮೈಯಿಂದ ಹೊರಹಾಕಿಸುತ್ತಾರೆ.

ಎರಡನೇ ದಿನ: ಮತ್ತೆ ಲೇಹ್

ಬೆಳಗ್ಗೆ ಗಡಿ ಹತ್ತಿರದ ಪ್ರದೇಶಕ್ಕೆ ಹೋಗಲು ಬೇಕಾದ ಪರ್ಮಿಟ್ ಕೆಲಸ ಮುಗಿಯಿತು. ಆಮೇಲೆ ಬಿಸಿಲಲ್ಲಿ ಕೂತು ಜಗಳ.

ಶುರು ಮಾಡಿದ್ದು ನಾನು. ರಾಕೆಟ್ಟಿಗೆ ಗಾಳಿಯೇ ಅಡ್ಡಿ ಎಂದಾದರೆ, ಗಾಳಿ ಇಷ್ಟು ತೆಳುವಾಗಿರುವ ಲಡಾಖಿನಿಂದಲೇ ಉಡಾವಣೆ ಮಾಡಬಾರದೇಕೆ? ಶ್ರೀಹರಿಕೋಟಾ ಸಮುದ್ರದ ಮಟ್ಟದಲ್ಲಿದೆ, ಗಾಳಿಯ ಪೂರ್ತಿ ದಪ್ಪವನ್ನು ತೂರಿಕೊಂಡೇ ಹೋಗಬೇಕು.

ಮೇಷ್ಟ್ರು ಚೀಲದಿಂದ ನೋಟ್‌ಬುಕ್ ತೆಗೆದರು. "ಮೊದಲು ಒಂದು ತಿಳ್ಕೊಳ್ಳಿ. ಕಕ್ಷೆ ಅಂದ್ರೆ ಎತ್ತರ ಅಲ್ಲ, ವೇಗ." ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ನಿಲ್ಲಲು ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗ ಬೇಕು. ದಾರಿಯಲ್ಲಿ ಆಗುವ ನಷ್ಟವೂ ಸೇರಿದರೆ ರಾಕೆಟ್ಟು ಹೊಂದಿಸಬೇಕಾದದ್ದು ಸೆಕೆಂಡಿಗೆ 9.3 ಕಿ.ಮೀ. ಆಸುಪಾಸು. ಈ ನಷ್ಟದಲ್ಲಿ ಸಿಂಹಪಾಲು ಗುರುತ್ವದ್ದು. ರಾಕೆಟ್ ನೇರ ಮೇಲೆ ಏರುವ ಪ್ರತಿ ಸೆಕೆಂಡೂ ತನ್ನ ಭಾರ ಹೊರುವುದಕ್ಕೇ ನೂಕುಬಲ ಸುರಿಯುತ್ತದೆ. ಗಾಳಿಯ ಎಳೆತದ ಪಾಲು ದೊಡ್ಡ ರಾಕೆಟ್ಟುಗಳಲ್ಲಿ ಸೆಕೆಂಡಿಗೆ ನೂರು, ನೂರೈವತ್ತು ಮೀಟರಿನಷ್ಟೇ.

ನಾನು ಇದನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಗಾಳಿಯನ್ನು ಸೀಳುವುದೇ ರಾಕೆಟ್ಟಿನ ದೊಡ್ಡ ಕಷ್ಟ ಎಂದು ನಮ್ಮಲ್ಲಿ ಬಹಳ ಜನ ತಿಳಿದಿರುತ್ತಾರೆ.

"ಹಾಗಂತ ಗಾಳಿನ ಸದರ ಮಾಡ್ಬೇಡಿ" ಎಂದು ಇಂಜಿನಿಯರ್ ನಡುವೆ ಬಂದ. ವೇಗ ಏರುತ್ತಿರುತ್ತದೆ, ಗಾಳಿ ತೆಳುವಾಗುತ್ತಿರುತ್ತದೆ; ಇವೆರಡೂ ಸೇರಿ ರಾಕೆಟ್ಟಿನ ಮೈಮೇಲೆ ಬೀಳುವ ಒತ್ತಡ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ತುತ್ತತುದಿ ಮುಟ್ಟುತ್ತದೆ. ಇಡೀ ಚೌಕಟ್ಟನ್ನು ಆ ಕೆಲವು ಸೆಕೆಂಡುಗಳನ್ನು ತಡೆಯುವಂತೆ ಕಟ್ಟಬೇಕು. ಕೆಲವು ರಾಕೆಟ್ಟುಗಳು ಆ ಹೊತ್ತಿನಲ್ಲಿ ಇಂಜಿನ್ನಿನ ನೂಕನ್ನೇ ತಗ್ಗಿಸುತ್ತವೆ. ಉಪಗ್ರಹಕ್ಕೆ ಹೊದಿಸುವ ಉಷ್ಣಕವಚ ಇರುವುದೂ ಗಾಳಿಯಿಂದ ಕಾಪಾಡಲಿಕ್ಕೇ. ಇಸ್ರೋದ ಉಡಾವಣೆಗಳಲ್ಲಿ ಸುಮಾರು 115 ಕಿ.ಮೀ. ದಾಟಿದ ಮೇಲೆ ಅದನ್ನು ಕಳಚಿ ಎಸೆಯುತ್ತಾರೆ, ಆಮೇಲೆ ಅದು ಬರೀ ಹೊರೆ.

ಹೊರೆಯ ಲೆಕ್ಕವನ್ನೂ ಮೇಷ್ಟ್ರು ಹಾಕಿ ತೋರಿಸಿದರು. ರಾಕೆಟ್ಟಿನ ವೇಗವನ್ನೂ ತೂಕವನ್ನೂ ಬೆಸೆಯುವ ತ್ಸಿಯೋಲ್ಕೋವ್ಸ್ಕಿಯ ಸೂತ್ರ. ಅನಿಲ ಸೆಕೆಂಡಿಗೆ 3 ಕಿ.ಮೀ. ವೇಗದಲ್ಲಿ ಹೊರಬೀಳುತ್ತದೆ ಎಂದಿಟ್ಟುಕೊಂಡರೆ, 9.3 ಕಿ.ಮೀ. ವೇಗ ಗಳಿಸುವ ಹೊತ್ತಿಗೆ ಹೊರಟಾಗಿನ ತೂಕದಲ್ಲಿ 22ನೇ ಒಂದು ಪಾಲು ಮಾತ್ರ ಉಳಿದಿರುತ್ತದೆ. ಟ್ಯಾಂಕು, ಇಂಜಿನ್ನು, ಉಪಗ್ರಹ ಎಲ್ಲ ಅದರಲ್ಲೇ. ಹಂತ ಹಂತವಾಗಿ ಕಳಚುತ್ತಾ ಹೋಗುವ ಉಪಾಯ ಇಲ್ಲದೆ ಇದು ಕೈಗೂಡುವುದು ಬಲು ಕಷ್ಟ.

ಲಡಾಖಿನ ಪ್ರಶ್ನೆಗೆ ಮರಳಿದೆವು. ಎತ್ತರದಿಂದ ಲಾಭವಿಲ್ಲ ಎಂದಲ್ಲ, ತೆಳು ಗಾಳಿಯಲ್ಲಿ ಅನಿಲ ಹೊರಬೀಳುವ ಮೂತಿ, ಅಂದರೆ ನಾಜಲ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಪೂರ್ವಕ್ಕೆ ಹಾರಿಸುವಾಗ ಭೂಮಿಯ ತಿರುಗಾಟ ಪುಕ್ಕಟೆಯಾಗಿ ಕೊಡುವ ವೇಗ ಶ್ರೀಹರಿಕೋಟಾದಲ್ಲಿ ಸೆಕೆಂಡಿಗೆ ಸುಮಾರು 450 ಮೀಟರ್, ಹಾನ್ಲೆಯ ಅಕ್ಷಾಂಶದಲ್ಲಿ 390. ಅದಕ್ಕಿಂತ ದೊಡ್ಡ ಮಾತು, ಕಳಚಿದ ಹಂತಗಳು ಬೀಳುವುದೆಲ್ಲಿ? ಶ್ರೀಹರಿಕೋಟಾಕ್ಕೆ ಮುಂದೆ ಬಂಗಾಳ ಕೊಲ್ಲಿ ಇದೆ. ಇಲ್ಲಿ ಪೂರ್ವಕ್ಕೆ ತುಸು ದೂರ ಹೋದರೆ ಗಡಿ. ಸಮುದ್ರವಿದ್ದೂ ತಾಪತ್ರಯ ತಪ್ಪಿದ್ದಲ್ಲ. ಧ್ರುವಗಳ ಮೇಲೆ ಹಾಯುವ ಕಕ್ಷೆಗೆ ಹೋಗುವ ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ ಶ್ರೀಲಂಕಾದ ಮೇಲೆ ಹಾಯದಂತೆ ದಾರಿ ಬಳಸಬೇಕು, ಅದಕ್ಕೆ ಇಂಧನ ತೆರಬೇಕು. ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ ಎಸ್‌ಎಸ್‌ಎಲ್‌ವಿ ಎಂಬ ಚಿಕ್ಕ ರಾಕೆಟ್ಟಿಗಾಗಿ ಹೊಸ ಉಡಾವಣಾ ಕೇಂದ್ರ ಕಟ್ಟಲು ಮುಖ್ಯ ಕಾರಣವೇ ಇದು. ಅಲ್ಲಿಂದ ನೇರ ದಕ್ಷಿಣಕ್ಕೆ ದಾರಿ ಖಾಲಿ.

"ಸರಿ ಬಿಡಪ್ಪ, ರಾಕೆಟ್ಟು ಕಡಲ ದಂಡೆಗಿರಲಿ, ಬೆಟ್ಟ ನಮಗಿರಲಿ" ಅಂದರು ಅಕ್ಕ.

ಮೂರನೇ ದಿನ: ಸಿಂಧೂ ನದಿಯ ಗುಂಟ

ಬೆಳಗ್ಗೆ ಬೇಗ ಹೊರಟೆವು. ಉಪ್ಶಿ ದಾಟಿದ ಮೇಲೆ ರಸ್ತೆಯೂ ಸಿಂಧೂ ನದಿಯೂ ಒಂದನ್ನೊಂದು ಬಿಡದೆ ಸಾಗುತ್ತವೆ. ಚುಮಾಥಾಂಗ್‌ನಲ್ಲಿ ನದಿಯ ಪಕ್ಕದಲ್ಲೇ ಬಿಸಿನೀರಿನ ಬುಗ್ಗೆ. ಮಾಹೆಯ ಸೇತುವೆ ಬಳಿ ದಾರಿ ಕವಲಾಗುತ್ತದೆ: ಒಂದು ಪೂಗಾ, ತ್ಸೋ ಕರ್ ಕಡೆಗೆ, ಇನ್ನೊಂದು ನ್ಯೋಮಾ, ಹಾನ್ಲೆ ಕಡೆಗೆ. ಇಂಜಿನಿಯರ್ ಮೊದಲ ದಾರಿಯನ್ನೇ ನೋಡುತ್ತಾ ನಿಂತ. 2025ರ ಆಗಸ್ಟ್‌ನಲ್ಲಿ ತ್ಸೋ ಕರ್ ಕಣಿವೆಯಲ್ಲಿ ಹೋಪ್ ಎಂಬ ಹೆಸರಿನ ಪುಟ್ಟ ವಸತಿ ಕಟ್ಟಿ, ಇಬ್ಬರನ್ನು ಹತ್ತು ದಿನ ಅದರಲ್ಲಿ ಇರಿಸಿ ಪ್ರಯೋಗ ಮಾಡಿದ್ದರು. ಮಂಗಳದ ಮೇಲೆ ಬದುಕುವ ತಾಲೀಮು. ಚಳಿ, ಒಣಗಾಳಿ, ಉಪ್ಪು ಬೆರೆತ ಹೆಪ್ಪುನೆಲ, ಚುಚ್ಚುವ ನೇರಳಾತೀತ ಕಿರಣ, ಎಲ್ಲವೂ ಅಲ್ಲಿವೆ.

"ಗಾಳಿ ಮಾತ್ರ ಹೋಲಿಕೆ ಇಲ್ಲ" ಅಂದರು ಮೇಷ್ಟ್ರು. ಮಂಗಳದ ಗಾಳಿಯ ಒತ್ತಡ ನಮ್ಮದರ ಶೇ. 1ಕ್ಕೂ ಕಡಿಮೆ. ಇಳಿಯುವ ನೌಕೆಯನ್ನು ಸುಡುವಷ್ಟು ಇದೆ, ಪ್ಯಾರಾಚೂಟ್ ಒಂದರಿಂದಲೇ ನಿಲ್ಲಿಸುವಷ್ಟು ಇಲ್ಲ. 2012ರಲ್ಲಿ ಕ್ಯೂರಿಯಾಸಿಟಿ ರೋವರನ್ನು ಕೊನೆಗೆ ರಾಕೆಟ್ಟುಗಳ ಮೇಲೆ ನಿಲ್ಲಿಸಿ ಹಗ್ಗದಲ್ಲಿ ಇಳಿಬಿಡಬೇಕಾಯಿತು. ಅಂಥ ಗಾಳಿಯಲ್ಲೂ 2021ರ ಏಪ್ರಿಲ್‌ನಲ್ಲಿ ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರ್ ಹಾರಿತಲ್ಲ, ರೆಕ್ಕೆಯನ್ನು ನಿಮಿಷಕ್ಕೆ 2,400 ಸುತ್ತಿನಷ್ಟು ತಿರುಗಿಸಿಕೊಂಡು! ಐದು ಹಾರಾಟದ ಪ್ರಯೋಗ ಎಂದು ಕಳಿಸಿದ್ದು 72 ಸಲ ಹಾರಿತು. ಅದರ ಬಗ್ಗೆ ಮಾತಾಡುವಾಗ ಇಂಜಿನಿಯರ್‌ನ ಗಂಟಲು ಕಟ್ಟಿತು, ನಾವು ಯಾರೂ ನಗಲಿಲ್ಲ.

ಹಾನ್ಲೆ ತಲುಪಿದಾಗ ಸಂಜೆ. ಬಯಲು, ಗುಡ್ಡದ ಮೇಲೆ ಹಳೆಯ ಬೌದ್ಧ ಮಠ ಗೊಂಪಾ, ಅದರಾಚೆ ಸರಸ್ವತಿ ಪರ್ವತದ ತುದಿಯಲ್ಲಿ ಬೆಳ್ಳಗೆ ಗುಮ್ಮಟಗಳು. 2022ರ ಡಿಸೆಂಬರ್‌ನಲ್ಲಿ ಈ ಪ್ರದೇಶವನ್ನು ಕತ್ತಲ ಆಕಾಶದ ಸಂರಕ್ಷಿತ ತಾಣ ಎಂದು ಘೋಷಿಸಿದ್ದಾರೆ, ದೇಶದಲ್ಲಿ ಇದೇ ಮೊದಲನೆಯದು. ಕಿಟಕಿಗಳಿಗೆ ದಪ್ಪ ಪರದೆ, ಬೀದಿಯಲ್ಲಿ ಕೆಳಮುಖದ ದೀಪ, ರಾತ್ರಿ ವಾಹನಗಳಿಗೆ ಹೈ ಬೀಮ್ ಇಲ್ಲ. ಹಳ್ಳಿಯವರನ್ನೇ ಆರಿಸಿ ತರಬೇತಿ ಕೊಟ್ಟು, ಟೆಲಿಸ್ಕೋಪ್ ಕೊಟ್ಟು ಖಗೋಳ ರಾಯಭಾರಿಗಳನ್ನಾಗಿ ಮಾಡಿದ್ದಾರೆ. ನಾವು ಉಳಿದುಕೊಂಡ ಮನೆಯ ಹೆಣ್ಣುಮಗಳೂ ಅವರಲ್ಲೊಬ್ಬರು. ಅಂಗಳದಲ್ಲಿ ಡಾಬ್ಸೋನಿಯನ್ ಟೆಲಿಸ್ಕೋಪ್ ತಂದಿಟ್ಟು, ನಾವು ಕೇಳುವ ಮೊದಲೇ ಕೆಂಪು ಟಾರ್ಚ್ ಕೈಗಿತ್ತರು.

ಎಂಟು ಗಂಟೆಯ ಹೊತ್ತಿಗೆ ಕತ್ತಲೆ ಪೂರ್ತಿಯಾಯಿತು. ನೈಋತ್ಯದಲ್ಲಿ ಧನು ರಾಶಿಯಿಂದ ಎದ್ದ ಆಕಾಶಗಂಗೆ ಶ್ರವಣ, ಅಭಿಜಿತ್‌ಗಳ ನಡುವೆ ಹಾದು ನೆತ್ತಿ ದಾಟಿ ಈಶಾನ್ಯದ ಬೆಟ್ಟದವರೆಗೆ. ನಡುವೆ ಅದನ್ನು ಸೀಳುವ ಕಪ್ಪು ಧೂಳಿನ ಪಟ್ಟಿ ಅಂಚು ಸಮೇತ ಕಾಣುತ್ತಿತ್ತು. ಧ್ರುವ ನಕ್ಷತ್ರ ದಕ್ಷಿಣ ಕರ್ನಾಟಕದಲ್ಲಿ ದಿಗಂತದಿಂದ 13 ಡಿಗ್ರಿ ಮೇಲಿದ್ದರೆ ಇಲ್ಲಿ 33 ಡಿಗ್ರಿ. ದೇವಯಾನಿ ಗೆಲಾಕ್ಸಿ ಬರಿಗಣ್ಣಿಗೆ ಉದ್ದನೆಯ ಮಬ್ಬಾಗಿ ತೋರಿತು. ಅಕ್ಕನಿಗೆ ಅದು ಸಾಕಾಗಲಿಲ್ಲ. ತ್ರಿಕೋಣ ರಾಶಿಯ ಎಂ33 ಬರಿಗಣ್ಣಿಗೆ ಬೇಕು ಅವರಿಗೆ. ಸುಮಾರು 27 ಲಕ್ಷ ಜ್ಯೋತಿರ್ವರ್ಷ ದೂರದ್ದು, ಒಳ್ಳೆಯ ಕತ್ತಲೆ ಇದ್ದರಷ್ಟೇ ಸಿಗುತ್ತದೆ. ನೇರ ನೋಡಿದರೆ ಮಾಯ, ಸ್ವಲ್ಪ ಪಕ್ಕಕ್ಕೆ ದೃಷ್ಟಿ ಹಾಯಿಸಿದರೆ ಇದೆ. ಇದ್ದೇ ಇದೆ.

ಆಮೇಲೆ ಅವರು ಮಾಡಿದ ಪರೀಕ್ಷೆ ಈ ಪ್ರವಾಸದಲ್ಲಿ ನಾನು ಅತಿ ಹತ್ತಿರದಿಂದ ನೋಡಿದ ಪ್ರಯೋಗ. ಪೂರ್ವಾಭಾದ್ರ, ಉತ್ತರಾಭಾದ್ರದ ನಾಲ್ಕು ತಾರೆಗಳು ಸೇರಿ ಆಗುವ ದೊಡ್ಡ ಚೌಕದ ಒಳಗೆ ಎಷ್ಟು ನಕ್ಷತ್ರ ಕಾಣುತ್ತವೆ ಎಂದು ಎಣಿಸುವುದು. ಆಕಾಶದ ಕತ್ತಲೆ ಅಳೆಯಲು ಹವ್ಯಾಸಿಗಳ ಹಳೆಯ ರೂಢಿ. ಅಕ್ಕ ಅಂಗಾತ ಮಲಗಿ ಎಣಿಸಿದರು, ನಾನು ಬರೆದುಕೊಂಡೆ. ನಂತರ ಲೇಹ್‌ನಿಂದ ತಂದಿದ್ದ ಆಮ್ಲಜನಕದ ಪುಟ್ಟ ಡಬ್ಬಿಯ ಮುಖವಾಡ ಮೂಗಿಗಿಟ್ಟು ನಿಧಾನವಾಗಿ ಉಸಿರೆಳೆದರು. "ಬಂತು... ಇಲ್ಲೊಂದು, ಅದರ ಕೆಳಗೆ ಇನ್ನೊಂದು, ಮೂಲೇಲಿ ಜೋಡಿ ಇದೆ ಕಣೋ, ಆಗ ಒಂದೇ ಅಂದಿದ್ದೆ!" ಎಣಿಕೆ ಏರುತ್ತಾ ಹೋಯಿತು. ಡಬ್ಬಿ ಕೆಳಗಿಟ್ಟ ಸ್ವಲ್ಪ ಹೊತ್ತಿಗೆ ಹೊಸಬರು ಒಬ್ಬೊಬ್ಬರಾಗಿ ಮರೆಯಾದರು.

ಕಾರಣ ಇದೆ. ಕತ್ತಲಲ್ಲಿ ನೋಡುವ ಕಣ್ಣಿನ ಕೋಶಗಳಿಗೆ ಆಮ್ಲಜನಕದ ಹಸಿವು ವಿಪರೀತ. ಬೆಟ್ಟ ಹತ್ತಿದಂತೆ ಆಕಾಶ ತಿಳಿಯಾಗುತ್ತದೆ, ಕಣ್ಣು ಮಂದವಾಗುತ್ತದೆ. ಹಾನ್ಲೆಯಲ್ಲಿ ಒತ್ತಡ ಸಮುದ್ರ ಮಟ್ಟದ ಶೇ. 60ಕ್ಕೂ ಕಡಿಮೆ.

ನಾಲ್ಕನೇ ದಿನ: ಗುಮ್ಮಟ ಮತ್ತು ಬಟ್ಟಲು

ಹಗಲು ವೀಕ್ಷಣಾಲಯ ನೋಡಲು ಹೋದೆವು. 4,500 ಮೀಟರ್ ಎತ್ತರ. ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ 10 ಸೆಂಟಿಮೀಟರ್ ಮುಟ್ಟದ ಜಾಗ. ಇಲ್ಲಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪಿನ ಕನ್ನಡಿ 2 ಮೀಟರ್ ಅಗಲದ್ದು, ಮೊದಲ ಬೆಳಕು ಕಂಡದ್ದು 2000ರ ಸೆಪ್ಟೆಂಬರ್‌ನಲ್ಲಿ. ಅದರಿಂದ ಕೆಲಸ ತೆಗೆಸುವ ಖಗೋಳವಿಜ್ಞಾನಿಗಳು ಕೂರುವುದು 2,000 ಕಿಲೋಮೀಟರಿಗೂ ದೂರದ ಹೊಸಕೋಟೆಯಲ್ಲಿ. ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಿಂದ ಆಜ್ಞೆ ಉಪಗ್ರಹಕ್ಕೆ ಏರಿ, ಅಲ್ಲಿಂದ ಈ ಬೆಟ್ಟಕ್ಕೆ ಇಳಿಯುತ್ತದೆ. ಭೂಸ್ಥಿರ ಉಪಗ್ರಹದ ಮೂಲಕ ಒಮ್ಮೆ ಹಾಯಲು ಕಾಲು ಸೆಕೆಂಡು ಸಾಕು. ಪಕ್ಕದಲ್ಲೇ 0.7 ಮೀಟರಿನ ಗ್ರೋತ್ ಟೆಲಿಸ್ಕೋಪ್ ಇದೆ, ಅದಂತೂ ತನ್ನಷ್ಟಕ್ಕೇ ಕೆಲಸ ಮಾಡುವ ರೋಬೋಟ್.

ನನ್ನ ಮನಸ್ಸು ನೆಟ್ಟಿದ್ದು ಮೇಸ್ ಟೆಲಿಸ್ಕೋಪಿನ ಮೇಲೆ. ಅದಕ್ಕೆ ಗುಮ್ಮಟವೇ ಇಲ್ಲ. 21 ಮೀಟರ್ ಅಗಲದ ಬಟ್ಟಲು ಬಯಲಿನಲ್ಲಿ ಬೆತ್ತಲೆ ನಿಂತಿದೆ. 356 ಕನ್ನಡಿ ಫಲಕಗಳು, ಅವುಗಳ ನಾಭಿಯಲ್ಲಿ ಬೆಳಕನ್ನು ಗ್ರಹಿಸುವ 1,088 ನಳಿಕೆಗಳ ಕ್ಯಾಮೆರಾ. ಭಾಭಾ ಅಣು ಸಂಶೋಧನಾ ಕೇಂದ್ರದ್ದು, 2024ರ ಅಕ್ಟೋಬರ್ 4ರಂದು ಉದ್ಘಾಟನೆಯಾಯಿತು. ಇದು ಹುಡುಕುವುದು ಗಾಮಾ ಕಿರಣವನ್ನು, ಆದರೆ ಗಾಮಾ ಕಿರಣ ನೆಲ ಮುಟ್ಟುವುದೇ ಇಲ್ಲ. ಮೇಲಿನ ಗಾಳಿಗೆ ಬಡಿದು ಅಲ್ಲೇ ಕಣಗಳ ಮಳೆಯಾಗುತ್ತದೆ. ಆ ಕಣಗಳು, ಗಾಳಿಯೊಳಗೆ ಬೆಳಕು ಹೋಗುವುದಕ್ಕಿಂತ ವೇಗವಾಗಿ ಓಡುವಾಗ ನೀಲಿ ಮಿಂಚೊಂದು ಹೊಮ್ಮುತ್ತದೆ, ಅದೇ ಚೆರೆಂಕೋವ್ ಬೆಳಕು. ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲು ಹೊತ್ತು ಇರುವ ಆ ಮಿಂಚನ್ನು ಬಟ್ಟಲು ಹಿಡಿಯುತ್ತದೆ.

"ಅಂದ್ರೆ ಕನ್ನಡಿ ಇರೋದು ನೆಲದ ಮೇಲೆ, ಉಪಕರಣ ಇರೋದು ತಲೆ ಮೇಲೆ. ಗಾಳಿನೇ ಉಪಕರಣ" ಅಂದರು ಮೇಷ್ಟ್ರು. ಮೂರು ದಿನದಿಂದ ಗಾಳಿಯನ್ನು ಬೈಯುತ್ತಿದ್ದ ಎರಡೂ ಪಕ್ಷಗಳು ಸುಮ್ಮನಾದವು. ಗಾಳಿಯಲ್ಲಿ ಈ ಮಿಂಚನ್ನು ಮೊದಲು ಹಿಡಿದವರು ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಗಾಲ್‌ಬ್ರೇತ್ ಮತ್ತು ಜೆಲ್ಲಿ ಎಂಬಿಬ್ಬರು. 1953ರಲ್ಲಿ ಪ್ರಕಟವಾದ ಆ ಪ್ರಯೋಗಕ್ಕೆ ಅವರು ಬಳಸಿದ್ದು ಕಸದ ಡಬ್ಬಿಯೊಳಗೆ ಕೂರಿಸಿದ 25 ಸೆಂಟಿಮೀಟರ್ ಕನ್ನಡಿ. ಹವ್ಯಾಸಿಗಳಾದ ನಮಗೆ ಇದಕ್ಕಿಂತ ಹುರುಪು ತರುವ ಸಂಗತಿ ಬೇರೆ ಬೇಕೆ?

ರಾತ್ರಿ ಬೇರೆ ಬಗೆಯ ಆಕಾಶ. ಮುಸ್ಸಂಜೆಯ ಹಿಂದೆಯೇ ಒಂದು ಚುಕ್ಕಿ ದಕ್ಷಿಣದಿಂದ ಉತ್ತರಕ್ಕೆ ಮಿನುಗುತ್ತಾ ಆರುತ್ತಾ ಸಾಗಿತು. ಕಕ್ಷೆಯಲ್ಲಿ ಉಳಿದುಹೋದ ಯಾವುದೋ ರಾಕೆಟ್ ಹಂತ ಪಲ್ಟಿ ಹೊಡೆಯುತ್ತಾ ಹೋಗುತ್ತಿದೆ ಎಂದ ಇಂಜಿನಿಯರ್. ಅಂಥ ಕಸ ತಾನಾಗಿ ಕೆಳಗೆ ಬರುವುದೂ ಗಾಳಿಯ ದೆಸೆಯಿಂದಲೇ. 2024ರ ಜನವರಿ 1ರ ಪಿಎಸ್‌ಎಲ್‌ವಿ ಉಡಾವಣೆಯಲ್ಲಿ ಇಸ್ರೋ ನಾಲ್ಕನೇ ಹಂತವನ್ನು 650 ಕಿ.ಮೀ.ನಿಂದ 350 ಕಿ.ಮೀ.ಗೆ ಇಳಿಸಿ ಪ್ರಯೋಗಗಳಿಗೆ ಬಳಸಿತು, ಮಾರ್ಚ್ 21ರಂದು ಅದು ವಾತಾವರಣ ಹೊಕ್ಕು ಮುಗಿಯಿತು. ಗಾಳಿ ಮುನಿದರೆ ಆಗುವುದೂ ಗೊತ್ತಿದೆ: 2022ರ ಫೆಬ್ರವರಿಯಲ್ಲಿ ಸೌರ ಚಟುವಟಿಕೆಯಿಂದ ಮೇಲಿನ ವಾತಾವರಣ ಕಾದು ಉಬ್ಬಿ, ಆಗಷ್ಟೇ ಹಾರಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಬಹುಪಾಲು ಉದುರಿದವು.

ಮಧ್ಯರಾತ್ರಿಯ ನಂತರ ಕ್ಯಾಮೆರಾದಲ್ಲಿ ದಿಗಂತದ ಬಳಿ ಹಸಿರು ಪಟ್ಟೆಗಳು ಬಂದವು. ಕಣ್ಣಿಗೆ ಅದು ಬರೀ ಬೂದು ಮಬ್ಬು. ಊರಿನ ದೀಪವಲ್ಲ, ಸುತ್ತ ಊರೇ ಇಲ್ಲ. ಸುಮಾರು 95 ಕಿ.ಮೀ. ಎತ್ತರದಲ್ಲಿ ಆಮ್ಲಜನಕದ ಪರಮಾಣುಗಳು, ಹಗಲು ಪಡೆದ ಶಕ್ತಿಯನ್ನು ರಾತ್ರಿ ಬಿಡುತ್ತಾ ಹೊಳೆಯುವ ಬೆಳಕು. ಎಷ್ಟೇ ಕತ್ತಲ ಜಾಗಕ್ಕೆ ಹೋದರೂ ಆಕಾಶ ಪೂರ್ತಿ ಕಪ್ಪಾಗದಿರಲು ಇದೂ ಒಂದು ಕಾರಣ. 2024ರ ಮೇ 10ರ ರಾತ್ರಿ ಭಾರಿ ಸೌರ ಬಿರುಗಾಳಿ ಬಂದಾಗ ಹಾನ್ಲೆಯ ಕ್ಯಾಮೆರಾಗಳು ಕೆಂಪು ಧ್ರುವಪ್ರಭೆಯನ್ನೇ ಹಿಡಿದಿದ್ದವು. ಅದೂ ಆಮ್ಲಜನಕವೇ, ಇನ್ನೂ ಎತ್ತರದ್ದು. ಬೆಳಗಿನ ಜಾವ ಪೂರ್ವದಲ್ಲಿ ರಾಶಿಚಕ್ರದ ಗುಂಟ ಓರೆಯಾಗಿ ಎದ್ದ ಬೆಳಕಿನ ಗೋಪುರ ಮಾತ್ರ ಗಾಳಿಯದಲ್ಲ, ಗ್ರಹಗಳ ನಡುವಿನ ಧೂಳಿನದು. ಅಕ್ಕ ಅದರ ಅಂಚನ್ನು ನಕ್ಷತ್ರಗಳ ನಡುವೆ ಗುರುತು ಹಾಕಿಕೊಂಡರು.

ಐದನೇ ದಿನ: ವಾಪಸ್ಸು

ಹಿಂದಿರುಗುವಾಗ ಇಡೀ ದಾರಿ ಹೊಸಕೋಟೆಯದೇ ಮಾತು. ಹಾನ್ಲೆಯ ಟೆಲಿಸ್ಕೋಪನ್ನು ಆಡಿಸುವ ಅದೇ ಆವರಣದಲ್ಲಿ ಆಸ್ಟ್ರೋಸ್ಯಾಟ್ ಎಂಬ ಖಗೋಳ ಉಪಗ್ರಹದ ನೇರಳಾತೀತ ಟೆಲಿಸ್ಕೋಪ್ ಜೋಡಣೆಯಾಯಿತು. 2015ರ ಸೆಪ್ಟೆಂಬರ್ 28ರಂದು ಪಿಎಸ್‌ಎಲ್‌ವಿ ಅದನ್ನು ಒಯ್ದಿತು. ಆದಿತ್ಯ-ಎಲ್1 ನೌಕೆಯಲ್ಲಿ ಸೂರ್ಯನ ಹೊರವಲಯವಾದ ಕರೋನಾ ನೋಡುವ ಉಪಕರಣ ಸಿದ್ಧವಾದದ್ದೂ ಅಲ್ಲೇ. ಓಝೋನ್ ಪದರ ನೇರಳಾತೀತವನ್ನು ತಡೆಯುತ್ತದೆ. ಸೂರ್ಯನ ಕರೋನಾವನ್ನು ಗಾಳಿ ಚೆದುರಿಸುವ ಬೆಳಕು ಮುಳುಗಿಸುತ್ತದೆ. ಎರಡಕ್ಕೂ ರಾಕೆಟ್ ಬೇಕೇ ಬೇಕಿತ್ತು.

"ಒಪ್ಕೊಂಡೆ. ಆದ್ರೆ ನಿನ್ ರಾಕೆಟ್ಟಲ್ಲಿ ಮೇಸ್‌ನ ಚಂದ್ರನಿಗೆ ತಗೊಂಡ್ಹೋಗು ನೋಡೋಣ" ಅಂದರು ಅಕ್ಕ.

ಇಂಜಿನಿಯರ್ ಸ್ವಲ್ಪ ಹೊತ್ತು ಯೋಚಿಸಿದ. "ಕುರುಡಾಗತ್ತೆ. ಅಲ್ಲಿ ಗಾಳಿನೇ ಇಲ್ಲ."

ಮುಂದಿನ ಪ್ರವಾಸ ಶ್ರೀಹರಿಕೋಟಾಕ್ಕೆ ಎಂದು ಅಲ್ಲೇ ತೀರ್ಮಾನವಾಯಿತು. ವೀಕ್ಷಣಾ ಗ್ಯಾಲರಿಯಿಂದ ಪಿಎಸ್‌ಎಲ್‌ವಿ ಏರುವುದನ್ನು ಅಕ್ಕ ತಮ್ಮ ಬೈನಾಕ್ಯುಲರಿನಲ್ಲಿ ನೋಡಬೇಕು. ನೆಲದ ಬಳಿ ಸುತ್ತಲ ಗಾಳಿ ಅದುಮಿ ಹಿಡಿದಿದ್ದರಿಂದ ಜ್ವಾಲೆ ಕಿರಿದಾಗಿರುತ್ತದೆ, ಮೇಲೇರಿದಂತೆ ಅಗಲವಾಗಿ ಅರಳುತ್ತದೆ. ಎಕ್ಸ್‌ಎಲ್ ಮಾದರಿಯಾದರೆ ನೆಲದಲ್ಲೇ ಹೊತ್ತಿಸಿದ ನಾಲ್ಕು ಪಕ್ಕದ ಮೋಟಾರುಗಳು 70ನೇ ಸೆಕೆಂಡಿನ ಆಸುಪಾಸಿನಲ್ಲಿ, ಗಾಳಿಯ ಬಹುಪಾಲು ಕೆಳಗುಳಿದ ಮೇಲೆ, ಕಳಚಿಕೊಳ್ಳುತ್ತವೆ. ಜ್ವಾಲೆಯ ಅಗಲ ಯಾವ ಸೆಕೆಂಡಿಗೆ ಎಷ್ಟಾಯಿತು ಎಂದು ಅಕ್ಕ ಕೂಗಿ ಹೇಳುವುದು, ನಾನು ಬರೆದುಕೊಳ್ಳುವುದು, ಅದರಿಂದ ಮೇಲಿನ ಒತ್ತಡ ಅಂದಾಜು ಮಾಡಬಹುದೇ ಎಂದು ಮೇಷ್ಟ್ರು ಲೆಕ್ಕ ಹಾಕುವುದು. ನ್ಯೋಮಾ ದಾಟುವಷ್ಟರಲ್ಲಿ ಅವರು ನೋಟ್‌ಬುಕ್ಕಿನಲ್ಲಿ ಕೋಷ್ಟಕದ ಗೆರೆ ಎಳೆದಾಗಿತ್ತು.